ಎಂಎಸ್ಸಿ ಪ್ರಾಜೆಕ್ಟ್: ಪ್ಲೇಟ್ ಮುಟ್ಟುವ ಮುಂಚಿನ ಕೆಲಸವೇ ಜಾಸ್ತಿ

ಕೊನೆಯ ಸೆಮಿಸ್ಟರ್ ಬಂತು ಅಂದರೆ ಮೈಕ್ರೋಬಯಾಲಜಿ, ಬಯೋಟೆಕ್ನಾಲಜಿ ಓದುವವರೆಲ್ಲ ಪ್ರಾಜೆಕ್ಟ್ ಹುಡುಕಾಟಕ್ಕೆ ಇಳಿಯುತ್ತಾರೆ. ಕೆಲವರು ದುಡ್ಡು ಕಟ್ಟಿ ಯಾವುದೋ ಖಾಸಗಿ ಲ್ಯಾಬ್ ಸೇರುತ್ತಾರೆ. ಅಲ್ಲಿ ಬೇರೆಯವರು ಮಾಡಿದ್ದನ್ನು ನಿಂತು ನೋಡಿ, ಫೋಟೊ ತೆಗೆದು, ಬೈಂಡ್ ಮಾಡಿದ ವರದಿ ಹಿಡಿದು ಬರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಾಲೇಜಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಬೆಚ್ಚಗಿಡುವ ಒಂದು ಇನ್‌ಕ್ಯುಬೇಟರ್, ಹಬೆಯ ಒತ್ತಡದಲ್ಲಿ ಕ್ರಿಮಿ ಕೊಲ್ಲುವ ಒಂದು ಆಟೊಕ್ಲೇವ್, ಸಹಕರಿಸುವ ಒಂದು ಆಸ್ಪತ್ರೆ, ಕೈಹಿಡಿದು ಕಲಿಸುವ ಗೈಡ್ ಇದ್ದರೆ ನಿಜವಾದ ಸಂಶೋಧನೆ ನೀವೇ ಮಾಡಬಹುದು. ಒಂದೇ ಉದಾಹರಣೆ ಹಿಡಿದು ಹೇಳುತ್ತೇನೆ: ಮೂತ್ರದ ಸೋಂಕು ತರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಯಾವ ಆಂಟಿಬಯೋಟಿಕ್‌ಗೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ.

ಮೊದಲು ಪ್ರಶ್ನೆ ಬರೆಯಿರಿ

‘ಆಂಟಿಬಯೋಟಿಕ್ ಪ್ರತಿರೋಧದ ಅಧ್ಯಯನ’ ಅಂತ ಬರೆದರೆ ಅದು ಬರೀ ತಲೆಬರಹ. ‘ಈ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಬಂದ ಮಹಿಳೆಯರ ಮೂತ್ರದಲ್ಲಿ ಸಿಕ್ಕ ಇ. ಕೋಲಿಗಳಲ್ಲಿ ಎಷ್ಟು ಪಾಲು ಸಿಪ್ರೊಫ್ಲಾಕ್ಸಾಸಿನ್‌ಗೆ ಬಗ್ಗುವುದಿಲ್ಲ, ಎಷ್ಟು ಪಾಲು ನೈಟ್ರೊಫ್ಯುರಂಟಾಯಿನ್‌ಗೆ ಬಗ್ಗುವುದಿಲ್ಲ?’ ಇದು ಪ್ರಶ್ನೆ. ಯಾರು, ಎಲ್ಲಿ, ಯಾವ ಔಷಧ ಎಲ್ಲವೂ ಇದರಲ್ಲೇ ಇದೆ. ಈ ಒಂದು ವಾಕ್ಯಕ್ಕೆ ಎರಡು ವಾರ ಹೋದರೂ ಪರವಾಗಿಲ್ಲ. ಪಬ್‌ಮೆಡ್ ಸೆಂಟ್ರಲ್ ಜಾಲತಾಣದಲ್ಲಿ ಪೂರ್ತಿ ಪ್ರಬಂಧಗಳು ಪುಕ್ಕಟೆ ಸಿಗುತ್ತವೆ. ಸಾರಾಂಶ ಓದಿ ಬಿಡಬೇಡಿ, ವಿಧಾನದ ಭಾಗವನ್ನು ಗಮನವಿಟ್ಟು ಓದಿ, ಯಾಕಂದ್ರೆ ನಾಳೆ ನೀವು ಮಾಡಬೇಕಾದ್ದು ಅಲ್ಲಿದೆ.

ಆಮೇಲೆ ಲೆಕ್ಕ. ಎಷ್ಟು ಮಾದರಿ ಬೇಕು? 20ರಲ್ಲಿ 10 ಬ್ಯಾಕ್ಟೀರಿಯಾ ಬಗ್ಗಲಿಲ್ಲ ಅಂದುಕೊಳ್ಳಿ. ಶೇ 50 ಅಂತ ಬರೆದುಬಿಡುತ್ತೇವೆ ಅಲ್ವಾ? ಆದರೆ ಅಷ್ಟು ಕಡಿಮೆ ಮಾದರಿಯಲ್ಲಿ ನಿಜವಾದ ಪ್ರಮಾಣ ಸುಮಾರು ಶೇ 27ರಿಂದ 73ರವರೆಗೆ ಎಲ್ಲಿ ಬೇಕಾದರೂ ಇರಬಹುದು. 100ರಲ್ಲಿ 50 ಬಂದರೆ ಆ ಅಂತರ ಸುಮಾರು ಶೇ 40ರಿಂದ 60ಕ್ಕೆ ಇಳಿಯುತ್ತದೆ. ಆದ್ದರಿಂದ ಮಾದರಿ ಕೂಡಿಸುವ ಮುಂಚೆಯೇ ಸಂಖ್ಯಾಶಾಸ್ತ್ರ ಬಲ್ಲವರ ಹತ್ತಿರ ಹೋಗಿ ಕೂರಿ. ಎಲ್ಲ ಮುಗಿಸಿಕೊಂಡು ಹೋದರೆ ಅವರಿಂದ ಏನೂ ಮಾಡಲಾಗುವುದಿಲ್ಲ.

ಎಥಿಕ್ಸ್ ಕಮಿಟಿಗೆ ಬೇಗ ಅರ್ಜಿ ಹಾಕಿ

ಮನುಷ್ಯರ ಮಾದರಿ ಅಂದಮೇಲೆ, ಸಂಶೋಧನೆ ನೈತಿಕವಾಗಿದೆಯೇ ಎಂದು ನೋಡುವ ಈ ಕಮಿಟಿಯ ಒಪ್ಪಿಗೆ ಇಲ್ಲದೆ ಒಂದು ಹನಿಯನ್ನೂ ಮುಟ್ಟುವ ಹಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಓದಿ. ಪರೀಕ್ಷೆ ಮುಗಿದು ಉಳಿದ, ಹೆಸರು ತೆಗೆದ ಮಾದರಿ ಬಳಸುವುದಾದರೆ ರೋಗಿಯ ಒಪ್ಪಿಗೆಯಿಂದ ವಿನಾಯಿತಿ ಸಿಗಬಹುದು. ಆದರೆ ಅದನ್ನು ತೀರ್ಮಾನಿಸುವುದು ಕಮಿಟಿ. ನೀವೂ ಅಲ್ಲ, ನಿಮ್ಮ ಗೈಡ್ ಕೂಡ ಅಲ್ಲ. ಕಮಿಟಿಯಲ್ಲಿ ವೈದ್ಯರ ಜೊತೆ ಕಾನೂನು ಬಲ್ಲವರು, ಸಾಮಾನ್ಯ ನಾಗರಿಕರೂ ಇರುತ್ತಾರೆ, ಹಾಗಾಗಿ ಅವರಿಗೂ ಅರ್ಥವಾಗುವಂತೆ ಬರೆಯಿರಿ. ಒಪ್ಪಿಗೆ ಪತ್ರ ಬೇಕಾದರೆ ರೋಗಿಗೆ ಬರುವ ಭಾಷೆಯಲ್ಲೇ ಇರಲಿ. ಕಮಿಟಿ ದಿನಾ ಸೇರುವುದಿಲ್ಲ, ಒಂದು ಸಭೆ ತಪ್ಪಿದರೆ ಸೆಮಿಸ್ಟರ್‌ನ ದೊಡ್ಡ ಪಾಲು ಕಾಯುವುದರಲ್ಲೇ ಹೋಗುತ್ತದೆ.

ಈಗ ಲ್ಯಾಬ್

ಮೂತ್ರದ ಮಾದರಿಯನ್ನು ಎರಡು ಗಂಟೆಯೊಳಗೆ ಪ್ಲೇಟ್‌ಗೆ (ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ) ಹಾಕಬೇಕು, ಇಲ್ಲವಾದರೆ ಫ್ರಿಜ್‌ನಲ್ಲಿಡಬೇಕು. ಸುಮ್ನೆ ಮೇಜಿನ ಮೇಲೆ ಬಿಟ್ಟರೆ ಬ್ಯಾಕ್ಟೀರಿಯಾ ಅಲ್ಲೇ ಬೆಳೆದು ಲೆಕ್ಕ ಕೆಡುತ್ತದೆ. 0.001 ಮಿ.ಲೀ. ಹಿಡಿಯುವ ಲೂಪ್‌ನಲ್ಲಿ (ತುದಿಯಲ್ಲಿ ಸಣ್ಣ ಬಳೆಯಿರುವ ಕಡ್ಡಿ) ಹಾಕಿದ ಪ್ಲೇಟಿನಲ್ಲಿ 100 ಕಾಲೊನಿ (ಒಂದೊಂದು ಬ್ಯಾಕ್ಟೀರಿಯಾದಿಂದ ಬೆಳೆದ ಚುಕ್ಕೆ) ಬಂದರೆ ಒಂದು ಮಿ.ಲೀ. ಮೂತ್ರದಲ್ಲಿ 1 ಲಕ್ಷ ಬ್ಯಾಕ್ಟೀರಿಯಾ ಇದ್ದವು ಎಂದರ್ಥ. ಸೋಂಕು ಎನ್ನಲು ಸಾಮಾನ್ಯವಾಗಿ ಹಿಡಿಯುವ ಗಡಿ ಇದೇ. ಅದೇ ರೋಗಿ ಮತ್ತೆ ಬಂದರೆ ಎರಡನೇ ಮಾದರಿಯನ್ನು ಲೆಕ್ಕಕ್ಕೆ ಸೇರಿಸಬೇಡಿ. ಗುಣವಾಗದೆ ಮತ್ತೆ ಮತ್ತೆ ಬರುವವರ ಬ್ಯಾಕ್ಟೀರಿಯಾವನ್ನೇ ಎಣಿಸುತ್ತಾ ಹೋದರೆ ಪ್ರತಿರೋಧ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ.

ಔಷಧದ ಪರೀಕ್ಷೆಗೆ ಡಿಸ್ಕ್ ವಿಧಾನ ಸಾಕು: ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಹರಡಿ, ಔಷಧವಿರುವ ಸಣ್ಣ ಕಾಗದದ ಬಿಲ್ಲೆ (ಡಿಸ್ಕ್) ಇಟ್ಟು, ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತವನ್ನು ಅಳೆಯುವುದು. ಬಾಯರ್, ಕಿರ್ಬಿ ಮತ್ತು ಸಂಗಡಿಗರು 1966ರಲ್ಲಿ ಪ್ರಕಟಿಸಿದ್ದು ಇದು, ಇವತ್ತಿಗೂ ಅಗ್ಗ, ಇವತ್ತಿಗೂ ಗಟ್ಟಿ. ಆದರೆ ಬಹಳ ನಾಜೂಕು. ಮುಲ್ಲರ್ ಹಿಂಟನ್ ಅಗಾರ್ (ಬ್ಯಾಕ್ಟೀರಿಯಾ ಬೆಳೆಯಲು ಪ್ಲೇಟಿಗೆ ಸುರಿಯುವ ಜೆಲ್ಲಿಯಂಥ ಆಹಾರ) 4 ಮಿ.ಮೀ. ದಪ್ಪ ಇರಬೇಕು, 90 ಮಿ.ಮೀ. ಪ್ಲೇಟಿಗೆ ಸುಮಾರು 25 ಮಿ.ಲೀ. ಹಿಡಿಯುತ್ತದೆ. ಅಗಾರ್ ಉಳಿಸಲು ತೆಳ್ಳಗೆ ಸುರಿದರೆ ಡಿಸ್ಕ್ ಸುತ್ತಲಿನ ಖಾಲಿ ವೃತ್ತ ದೊಡ್ಡದಾಗುತ್ತದೆ, ಬಗ್ಗದ ಬ್ಯಾಕ್ಟೀರಿಯಾ ಬಗ್ಗಿದ ಹಾಗೆ ಕಾಣುತ್ತದೆ. ಬ್ಯಾಕ್ಟೀರಿಯಾ ದ್ರಾವಣದ ಮಬ್ಬು 0.5 ಮ್ಯಾಕ್‌ಫರ್ಲೆಂಡ್ ಎಂಬ ಮಬ್ಬಿನ ಅಳತೆಗೆ ಸರಿಯಾಗಿರಲಿ. ಜಾಸ್ತಿಯಾದರೆ ವೃತ್ತ ಕುಗ್ಗುತ್ತದೆ. ಫ್ರಿಜ್‌ನಿಂದ ತೆಗೆದ ಡಿಸ್ಕ್ ಡಬ್ಬಿಯನ್ನು ತಕ್ಷಣ ತೆರೆಯಬೇಡಿ, ತೇವ ಕೂರುತ್ತದೆ. ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ 16ರಿಂದ 18 ಗಂಟೆ ಇಟ್ಟು ಅಳೆಯಿರಿ. ಎಟಿಸಿಸಿ 25922 ಎಂಬ ಗುರುತಿನ ಇ. ಕೋಲಿಯನ್ನೂ ಜೊತೆಗೇ ಪರೀಕ್ಷಿಸಿ. ಅದರ ವೃತ್ತ ಎಷ್ಟಿರಬೇಕು ಅನ್ನುವುದು ಮೊದಲೇ ಗೊತ್ತಿರುತ್ತದೆ. ಅದೇ ತಪ್ಪಿದರೆ ಆ ದಿನದ ಎಲ್ಲ ಪ್ಲೇಟ್ ಬಿಡಿ, ಬೇಜಾರಾದರೂ ಬಿಡಿ. ಬಿಸಾಡುವ ಮುಂಚೆ ಆಟೊಕ್ಲೇವ್ ಮಾಡುವುದನ್ನು ಮಾತ್ರ ಮರೆಯಬೇಡಿ.

ಒಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಅಳತೆ ಬಂದಮೇಲೆ ಅದನ್ನು ಸಿಎಲ್‌ಎಸ್‌ಐ ಎಂಬ ಅಮೆರಿಕದ ಸಂಸ್ಥೆ ಹೊರತರುವ, ಎಷ್ಟು ಮಿ.ಮೀ. ವೃತ್ತಕ್ಕೆ ಏನರ್ಥ ಎಂದು ಹೇಳುವ ಕೋಷ್ಟಕದ ಜೊತೆ ಹೋಲಿಸುತ್ತೇವೆ. ಆ ಕೋಷ್ಟಕ ಬದಲಾಗುತ್ತಾ ಇರುತ್ತದೆ. ಸಿಪ್ರೊಫ್ಲಾಕ್ಸಾಸಿನ್‌ಗೆ ಇ. ಕೋಲಿಯ ವೃತ್ತ 21 ಮಿ.ಮೀ. ಇದ್ದರೆ ಹಳೆಯ ಕೋಷ್ಟಕದಲ್ಲಿ ‘ಬಗ್ಗುತ್ತದೆ’, 2019ರಲ್ಲಿ ಬದಲಾದ ಕೋಷ್ಟಕದಲ್ಲಿ ಅದೇ ವೃತ್ತ ‘ಬಗ್ಗುವುದಿಲ್ಲ’. ಸೀನಿಯರ್ ಕೊಟ್ಟ ಹಳೇ ಜೆರಾಕ್ಸ್ ನೋಡಿ ಬರೆದರೆ ಇಡೀ ಪ್ರಾಜೆಕ್ಟಿನ ಉತ್ತರವೇ ತಿರುಗುಮುರುಗಾಗುತ್ತದೆ. ಹಾಗಾಗಿ ನೋಟ್‌ಬುಕ್‌ನಲ್ಲಿ ‘ಬಗ್ಗುತ್ತದೆ’ ಅಂತಷ್ಟೇ ಗುರುತು ಹಾಕಬೇಡಿ, ಮಿ.ಮೀ. ಅಳತೆಯನ್ನೇ ಬರೆದಿಡಿ. ಕೋಷ್ಟಕ ಬದಲಾದರೂ ಆ ಅಳತೆ ಉಪಯೋಗಕ್ಕೆ ಬರುತ್ತದೆ.

ವರದಿಯ ವಿಧಾನದ ಭಾಗವನ್ನು ಲ್ಯಾಬ್ ಕೆಲಸ ನಡೆಯುವಾಗಲೇ ಬರೆದುಬಿಡಿ: ಯಾವ ಕಂಪನಿಯ ಡಿಸ್ಕ್, ಯಾವ ಬ್ಯಾಚ್, ಕೋಷ್ಟಕದ ಯಾವ ಆವೃತ್ತಿ. ಬಿಟ್ಟ ಪ್ಲೇಟ್‌ಗಳನ್ನೂ, ಯಾಕೆ ಬಿಟ್ಟಿರಿ ಅನ್ನುವುದನ್ನೂ ಸೇರಿಸಿ. ವೈವಾದಲ್ಲಿ ಒಳ್ಳೆಯ ಪರೀಕ್ಷಕರು ಕೇಳುವುದು ಅದನ್ನೇ. ಕೊನೆಗೆ ಒಂದು ಪ್ರತಿಯನ್ನು ಮಾದರಿ ಕೊಟ್ಟ ಆಸ್ಪತ್ರೆಯ ಮೈಕ್ರೋಬಯಾಲಜಿ ವಿಭಾಗಕ್ಕೆ ಕೊಡಿ. ಅಲ್ಲಿನ ವೈದ್ಯರು ಮುಂದಿನ ರೋಗಿಗೆ ಯಾವ ಮಾತ್ರೆ ಬರೆಯಬೇಕು ಅಂತ ಯೋಚಿಸುವಾಗ ತಮ್ಮದೇ ಊರಿನ ಅಂಕಿಅಂಶ ಅವರ ಕೈಯಲ್ಲಿರುತ್ತದೆ.