ಕುದುರೆಗೆ ಜಂತುಹುಳು ಔಷಧಿ: ಮೊದಲು ಲದ್ದಿ ನೋಡಿ

ಮೂರು ತಿಂಗಳಾಯಿತೆಂದು ಲಾಯದ ಕುದುರೆಗಳಿಗೆಲ್ಲ ಒಟ್ಟಿಗೆ ಜಂತುಹುಳು ಔಷಧಿ ಕೊಡುವ ರೂಢಿ ಹಲವರಿಗಿದೆ. ಅದನ್ನು ಬಿಡಲೇಬೇಕು. ಒಂದೇ ಔಷಧಿ ಪದೇ ಪದೇ ಬಿದ್ದರೆ ಅದಕ್ಕೆ ಜಗ್ಗದ ಹುಳುಗಳಷ್ಟೇ ಉಳಿದು ವಂಶ ಬೆಳೆಸುತ್ತವೆ. ಎಷ್ಟೋ ಕಡೆ ಕರುಳಿನಲ್ಲಿರುವ ಸಣ್ಣ ಸ್ಟ್ರಾಂಗೈಲ್ ಎಂಬ ಹುಳುಗಳಿಗೆ ಫೆನ್‌ಬೆಂಡಜೋಲ್ ಎಂಬ ಔಷಧಿ ನಾಟುತ್ತಿಲ್ಲ. ಮರಿಗಳ ದುಂಡುಹುಳು ಐವರ್‌ಮೆಕ್ಟಿನ್ ಎಂಬ ಇನ್ನೊಂದು ಔಷಧಿಗೂ ಬಗ್ಗುತ್ತಿಲ್ಲ.

ಮೊದಲ ಕೆಲಸ ಲದ್ದಿ ಪರೀಕ್ಷೆ. ಆಗಷ್ಟೇ ಬಿದ್ದ, ಇನ್ನೂ ಬೆಚ್ಚಗಿರುವ ಲದ್ದಿಯ ಎರಡು ಮೂರು ಉಂಡೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಗಾಳಿಯನ್ನೆಲ್ಲ ಹೊರಗೆ ಒತ್ತಿ ಗಂಟು ಬಿಗಿದು, ಕುದುರೆಯ ಹೆಸರು, ದಿನಾಂಕ ಬರೆಯಿರಿ. ಫ್ರಿಜ್‌ನಲ್ಲಿಟ್ಟು ಒಂದು ದಿನದೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಿ. ಬಿಸಿಲಲ್ಲಿ ಬಿಟ್ಟರೆ ಮೊಟ್ಟೆಯೊಡೆದು ಲೆಕ್ಕ ತಪ್ಪುತ್ತದೆ. ಬೆಳೆದ ಕುದುರೆಯ ಲದ್ದಿಯಲ್ಲಿ ಗ್ರಾಂಗೆ 200ಕ್ಕಿಂತ ಕಡಿಮೆ ಮೊಟ್ಟೆ ಕಂಡರೆ ಗಾಬರಿ ಬೇಡ. 500 ದಾಟಿದರೆ ಮೇವಿನ ನೆಲಕ್ಕೆಲ್ಲ ಹುಳು ಹಂಚುತ್ತಿರುವುದು ಆ ಕುದುರೆಯೇ. ಸಾಮಾನ್ಯವಾಗಿ ಗುಂಪಿನ ಶೇ 20ರಷ್ಟು ಕುದುರೆಗಳಿಂದಲೇ ಶೇ 80ರಷ್ಟು ಮೊಟ್ಟೆ ಬೀಳುತ್ತದೆ. ಆದರೆ ಕರುಳಿನ ಗೋಡೆಯಲ್ಲಿ ಅಡಗಿದ ಮರಿಹುಳು ಈ ಎಣಿಕೆಗೆ ಸಿಗದು, ಲಾಡಿಹುಳುವೂ ಅನೇಕ ಸಲ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಯಾವ ಔಷಧಿ, ಯಾವಾಗ ಎಂಬುದನ್ನು ಪಶುವೈದ್ಯರೇ ಹೇಳಲಿ.

ತೂಕವನ್ನು ಕಣ್ಣಂದಾಜಿನಲ್ಲಿ ಹೇಳಬೇಡಿ, ಅರೆಬರೆ ಔಷಧಿಯಿಂದ ಹುಳು ಇನ್ನಷ್ಟು ಗಟ್ಟಿಯಾಗುತ್ತದೆ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಪೃಷ್ಠದ ತುದಿವರೆಗಿನ ಉದ್ದ, ಎರಡನ್ನೂ ಸೆಂಟಿಮೀಟರ್‌ನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 170, ಉದ್ದ 155 ಇದ್ದರೆ ತೂಕ ಸುಮಾರು 377 ಕೆ.ಜಿ.

ಸಿರಿಂಜಿನಲ್ಲಿ ಬರುವ ಔಷಧಿ ಪೇಸ್ಟ್ ಕೊಡುವ ಮುಂಚೆ ಬಾಯಿ ಖಾಲಿಯಿದೆಯೇ ನೋಡಿ. ನಮ್ಮ ಹೆಣ್ಣುಕುದುರೆ ಒಮ್ಮೆ ಕೆನ್ನೆಯೊಳಗೆ ಹಿಡಿ ಹುಲ್ಲು ಇಟ್ಟುಕೊಂಡಿತ್ತು. ಪೇಸ್ಟೆಲ್ಲ ಅದಕ್ಕಂಟಿ, ಮುದ್ದೆಯಾಗಿ ಕಾಲ ಬುಡದಲ್ಲಿ ಬಿತ್ತು. ಸಿರಿಂಜಿನ ಬಳೆಯನ್ನು ತೂಕದ ಗೆರೆಗೆ ತಿರುಗಿಸಿ ಬಿಗಿ ಮಾಡಿ. ಕುದುರೆಯ ಪಕ್ಕ ನಿಂತು, ಬಾಯಿಯ ಅಂಚಿನಲ್ಲಿ ಹಲ್ಲಿಲ್ಲದ ಜಾಗದಿಂದ ತೂರಿಸಿ, ನಾಲಿಗೆಯ ಹಿಂಭಾಗಕ್ಕೆ ಒತ್ತಿ. ನುಂಗುವವರೆಗೆ ತಲೆ ಸ್ವಲ್ಪ ಎತ್ತಿ ಹಿಡಿದಿರಿ.

14 ದಿನಗಳ ನಂತರ ಮತ್ತೆ ಲದ್ದಿ ಪರೀಕ್ಷಿಸಿ. ಔಷಧಿ ಕೆಲಸ ಮಾಡಿತೋ ಇಲ್ಲವೋ ತಿಳಿಯುವುದು ಆಗಲೇ.

ಮೇಯುವ ಜಾಗದ ಲದ್ದಿಯನ್ನು ವಾರಕ್ಕೆರಡು ಸಲ ಎತ್ತಿಸಿ. ಇದಕ್ಕೆ ಸಮನಾದ ಔಷಧಿ ನನಗಂತೂ ಕಂಡಿಲ್ಲ.

ಹೊಟ್ಟೆ ಉಬ್ಬಿ, ಕೂದಲು ಒರಟಾಗಿ ಬಡಕಲಾದ ಮರಿಗೆ ನೀವಾಗಿಯೇ ಔಷಧಿ ಹಾಕಬೇಡಿ. ಒಳಗಿನ ದುಂಡುಹುಳುಗಳೆಲ್ಲ ಒಮ್ಮೆಗೇ ಸತ್ತು ಕರುಳಿಗೆ ಅಡ್ಡ ಕಟ್ಟಿದರೆ ಮರಿ ಉಳಿಯುವುದೇ ಕಷ್ಟ. ಮೊದಲು ವೈದ್ಯರನ್ನು ಕರೆಯಿರಿ.