ವೋಜ್ ಬೆಟ್ಟಗಳಲ್ಲಿ ಸೈಕಲ್: ನಾನು ಮೊದಲು ನೋಡುವುದು ಇಳಿಜಾರನ್ನು

ಫ್ರಾನ್ಸಿನ ಪೂರ್ವದ ಅಂಚಿನಲ್ಲಿ, ಅಲ್ಸಾಸ್ ಮತ್ತು ಲೊರೇನ್ ಪ್ರಾಂತ್ಯಗಳ ನಡುವೆ, ಉತ್ತರದಿಂದ ದಕ್ಷಿಣಕ್ಕೆ ಚಾಚಿಕೊಂಡಿರುವ ಬೆಟ್ಟದ ಸಾಲೇ ವೋಜ್. ಆಲ್ಪ್ಸ್ ನೋಡಿ ಬಂದವರಿಗೆ ಗಿಡ್ಡ ಅನಿಸಬಹುದು. ಎಲ್ಲಕ್ಕಿಂತ ಎತ್ತರದ ಗ್ರಾಂ ಬಾಲೋನ್ ಕೂಡ 1,424 ಮೀಟರ್ ಅಷ್ಟೇ. ಆದರೆ ರೋಡ್ ಸೈಕಲ್ ಹೊಡೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ಒಂದು ಏರು ಮುಗಿಯಿತು ಅನ್ನುವಷ್ಟರಲ್ಲಿ ಕಾಡಿನೊಳಗೆ ಇಳಿಜಾರು, ಕೆಳಗೆ ಒಂದು ಸರೋವರ, ಅದರ ಬದಿಯಿಂದಲೇ ಇನ್ನೊಂದು ಏರು.

ಇಲ್ಲಿಗೆ ಬರುವ ಹೆಚ್ಚಿನವರು ಏರುಗಳ ಪಟ್ಟಿ ಹಿಡಿದು ಬರುತ್ತಾರೆ. ನಾನು ದಾರಿ ಹಾಕಿಕೊಳ್ಳುವುದು ಇಳಿಜಾರು ನೋಡಿ. ಯಾವ ಇಳಿಜಾರನ್ನು ಎಷ್ಟು ಹೊತ್ತಿಗೆ ಇಳಿಯಬೇಕು ಅನ್ನುವುದು ಮೊದಲು ತೀರ್ಮಾನವಾಗಬೇಕು. ಏರುಗಳು ಆಮೇಲೆ ತಾವಾಗಿಯೇ ಹೊಂದಿಕೊಳ್ಳುತ್ತವೆ.

ಇದಕ್ಕೆ ಕಾರಣ ಕಾಡು. ಬೆಟ್ಟದ ಮೈತುಂಬ ಬೀಚ್, ಫರ್, ಸ್ಪ್ರೂಸ್ ಮರಗಳು. ರಸ್ತೆಯ ಮೇಲೆ ನೆರಳು ಎಷ್ಟು ದಟ್ಟ ಅಂದರೆ, ಹಿಂದಿನ ರಾತ್ರಿ ಬಿದ್ದ ಮಳೆ ಮರುದಿನ ಮಧ್ಯಾಹ್ನವಾದರೂ ಆರಿರುವುದಿಲ್ಲ. ಪಶ್ಚಿಮದಿಂದ ಬರುವ ಮೋಡ ಲೊರೇನ್ ಕಡೆಯ ಇಳಿಜಾರಿನಲ್ಲೇ ಮಳೆ ಸುರಿಸಿಬಿಡುತ್ತದೆ. ಬೆಟ್ಟದ ಆಚೆ ಅಲ್ಸಾಸ್‌ನ ಬಯಲಿನಲ್ಲಿರುವ ಕೋಲ್ಮಾರ್ ಇಡೀ ಫ್ರಾನ್ಸಿನಲ್ಲೇ ಅತಿ ಕಡಿಮೆ ಮಳೆ ಬೀಳುವ ಊರುಗಳಲ್ಲೊಂದು. ಬೆಟ್ಟದ ಆಕಾರವೂ ಎರಡು ಕಡೆ ಒಂದೇ ಥರ ಇಲ್ಲ. ಪೂರ್ವದಲ್ಲಿ ರೈನ್ ನದಿಯ ಬಯಲು ಭೂಮಿಯ ಬಿರುಕಿನುದ್ದಕ್ಕೂ ಕುಸಿದು ಆದದ್ದು, ಹಾಗಾಗಿ ಆ ಕಡೆ ಕಡಿದಾಗಿದೆ. ಪಶ್ಚಿಮದ ಕಡೆ ನಿಧಾನವಾಗಿ ಏರುತ್ತದೆ. ಒದ್ದೆ ರಸ್ತೆಯಲ್ಲಿ ಏರುವುದಕ್ಕೆ ಭಯವಿಲ್ಲ, ಗಂಟೆಗೆ ಹನ್ನೆರಡು ಕಿ.ಮೀ. ವೇಗದಲ್ಲಿ ಯಾರು ಜಾರುತ್ತಾರೆ? ಆದ್ದರಿಂದ ಬೆಳಗ್ಗೆ ಪಶ್ಚಿಮದ ಒದ್ದೆ ಕಾಡಿನಲ್ಲಿ ಏರುತ್ತೇನೆ. ದೊಡ್ಡ ಇಳಿಜಾರನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುತ್ತೇನೆ.

ನನಗೆ ತುಂಬ ಇಷ್ಟವಾದ ಸುತ್ತು ಜೆರಾರ್ಮೆ ಊರಿನಿಂದ ಶುರುವಾಗುತ್ತದೆ. ಒಟ್ಟು ಸುಮಾರು 90 ಕಿ.ಮೀ. ಇಲ್ಲಿನ ಸರೋವರ ವೋಜ್‌ನ ಸಹಜ ಸರೋವರಗಳಲ್ಲೇ ದೊಡ್ಡದು. ಹಿಮನದಿ ತಳ್ಳಿಕೊಂಡು ಬಂದ ಕಲ್ಲುಮಣ್ಣು ಅಡ್ಡ ನಿಂತು ನೀರು ಕಟ್ಟಿಕೊಂಡದ್ದು. ಅಲ್ಲಿಂದ ಮುಖ್ಯ ರಸ್ತೆ ಬಿಟ್ಟು ಲಾಂಜ್‌ಮೇರ್, ಆಮೇಲೆ ಪುಟ್ಟ ರೆಟೂರ್ನ್‌ಮೇರ್ ಸರೋವರಗಳ ಪಕ್ಕದಲ್ಲೇ ಹೋಗುತ್ತೇನೆ. ಕಾಲಿಗೆ ಬಿಸಿ ಏರುವುದಕ್ಕೆ ಇಷ್ಟು ದೂರ ಸರಿಯಾಗುತ್ತದೆ. ರೆಟೂರ್ನ್‌ಮೇರ್ ದಾಟಿದ ಮೇಲೆ ನಿಜವಾದ ಏರು. ಇಲ್ಲಿ ಬೇಕಂತಲೇ ಒಂದು ಗೇರ್ ಹಗುರ ಹಾಕಿಕೊಂಡು, ಮಾತಾಡುವಷ್ಟು ಉಸಿರು ಉಳಿಸಿಕೊಂಡು ತುಳಿಯುತ್ತೇನೆ. 1,139 ಮೀಟರ್ ಎತ್ತರದ ಶ್ಲುಕ್ತ್ ಕಣಿವೆದಾರಿ ತಲುಪಿದಾಗ ಕಾಲು ಇನ್ನೂ ಹೊಸದಾಗೇ ಇರಬೇಕು. ದಿನ ಉದ್ದ ಇದೆ.

1871ರಿಂದ ಮೊದಲ ಮಹಾಯುದ್ಧದವರೆಗೆ ಈ ಶ್ಲುಕ್ತ್‌ನಲ್ಲೇ ಜರ್ಮನಿಯ ಗಡಿ ಇತ್ತು. ಇಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ಬೆಟ್ಟದ ನೆತ್ತಿಯ ಉದ್ದಕ್ಕೂ ಸಾಗುವ ರೂತ್ ದೆ ಕ್ರೇತ್ ರಸ್ತೆ. ಯುದ್ಧದ ಕಾಲದಲ್ಲಿ ಫ್ರೆಂಚ್ ಸೇನೆಯ ಓಡಾಟಕ್ಕೆ ಮಾಡಿಸಿದ್ದು. ಎದುರಿನ ಫಿರಂಗಿಗಳ ಕಣ್ಣಿಗೆ ಬೀಳಬಾರದು ಅಂತ ಆದಷ್ಟೂ ನೆತ್ತಿಯಿಂದ ಸ್ವಲ್ಪ ಪಶ್ಚಿಮಕ್ಕೆ ಸರಿಸಿ ಕಡಿದಿದ್ದಾರೆ. ಸೈಕಲ್ಲಿನವರಿಗೆ ಅದರ ಪರಿಣಾಮ ಇವತ್ತಿಗೂ ಗೊತ್ತಾಗುತ್ತದೆ. ಪಶ್ಚಿಮದ ಗಾಳಿ ನೇರ ಪಕ್ಕೆಗೆ ಹೊಡೆಯುತ್ತದೆ. ಹೋನೆಕ್ ಬೆಟ್ಟದ ಹತ್ತಿರ ಮರಗಳು ಮುಗಿದು ಬರೀ ಹುಲ್ಲುಗಾವಲು, ಅಲ್ಲಿ ಗಾಳಿಗೆ ಅಡ್ಡವೇ ಇಲ್ಲ. ಎತ್ತರದ ರಿಮ್ ಇರುವ ಚಕ್ರಗಳನ್ನು ಅದಕ್ಕೇ ನಾನು ಇಲ್ಲಿಗೆ ತರುವುದಿಲ್ಲ. ಕೆಳಗೆ ಬೆವರು ಸುರಿಯುತ್ತಿದ್ದರೂ ಮೇಲೆ ಚಳಿ ಹಿಡಿಯುತ್ತದೆ, ಹಾಗಾಗಿ ಮಡಚಿ ಜೇಬಿಗೆ ಹಾಕುವಂಥ ಜಾಕೆಟ್ ಬೇಸಿಗೆಯಲ್ಲೂ ಬೇಕೇ ಬೇಕು. ಬೇಸಿಗೆಯ ವಾರಾಂತ್ಯದಲ್ಲಿ ಮೋಟಾರ್ ಬೈಕುಗಳ ಕಾಟ ಜಾಸ್ತಿ. ಆಗುವುದಾದರೆ ವಾರದ ನಡುವೆ ಬನ್ನಿ.

ಈ ಹುಲ್ಲುಗಾವಲಿನಲ್ಲಿ ಹಸು ಸಾಕುವ ಮನೆಗಳೇ ಊಟದ ಮನೆಗಳೂ ಹೌದು, ಫೆರ್ಮ್ ಓಬೆರ್ಜ್ ಅನ್ನುತ್ತಾರೆ. ಪೂರ್ತಿ ಊಟ ಹೊಡೆದರೆ ಮುಂದೆ ತುಳಿಯುವುದಕ್ಕಾಗುವುದಿಲ್ಲ. ಬ್ಲೂಬೆರಿ ಟಾರ್ಟ್‌ನ ಒಂದು ದೊಡ್ಡ ತುಂಡು, ಒಂದು ಕಾಫಿ, ಬಾಟಲಿ ತುಂಬ ನೀರು. ನನಗೆ ಅಷ್ಟು ಸಾಕು.

ಇದೇ ನೆತ್ತಿಯ ರಸ್ತೆಯಲ್ಲಿ ಮುಂದೆ ಸಿಗುವ ಮಾರ್ಕ್‌ಸ್ಟೈನ್‌ನಿಂದ ಕೆಳಗಿನ ಕ್ರುತ್ ಊರಿನ ಕಡೆಗೆ ಇಳಿಯುವ ದಾರಿಗಾಗಿಯೇ ನಾನು ಇಷ್ಟೆಲ್ಲ ಲೆಕ್ಕ ಹಾಕುವುದು. ಇದು ಪಶ್ಚಿಮಕ್ಕೆ ಮುಖ ಮಾಡಿದ ಇಳಿಜಾರು, ಮಧ್ಯಾಹ್ನದ ಬಿಸಿಲು ಒಂದಿಷ್ಟಾದರೂ ಬಿದ್ದಿರುತ್ತದೆ. ಹೊರಡುವ ಮುಂಚೆ ಜಾಕೆಟ್ ಹಾಕಿ, ಜಿಪ್ ಕತ್ತಿನವರೆಗೆ ಎಳೆಯುತ್ತೇನೆ. ಚಳಿಗೆ ಬೆರಳು ಮರಗಟ್ಟಿದರೆ ಬ್ರೇಕ್ ಎಷ್ಟು ಹಿಡಿಯುತ್ತಿದ್ದೇವೆ ಅನ್ನುವುದೇ ತಿಳಿಯುವುದಿಲ್ಲ. ಕೈ ಹ್ಯಾಂಡಲ್‌ನ ಕೆಳಗಿನ ಬಾಗಿನಲ್ಲಿ, ಎರಡು ಬೆರಳು ಬ್ರೇಕ್ ಮೇಲೆ. ತಿರುವಿನ ಮುಂಚೆ, ಸೈಕಲ್ ಇನ್ನೂ ನೆಟ್ಟಗಿರುವಾಗಲೇ, ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸುತ್ತೇನೆ. ಆಮೇಲೆ ಬಿಟ್ಟುಬಿಡುತ್ತೇನೆ. ಹೊರಗಡೆಯ ಪೆಡಲ್ ಕೆಳಗೆ, ಮೈಭಾರ ಅದರ ಮೇಲೆ, ಕಣ್ಣು ತಿರುವು ಮುಗಿಯುವ ಕಡೆ. ಬಾಗಿದ ಸೈಕಲ್ಲಿನಲ್ಲಿ ಬ್ರೇಕ್ ಒತ್ತುತ್ತ ಹೋದರೆ ಟಯರಿನ ಹಿಡಿತ ಎರಡು ಕೆಲಸಕ್ಕೆ ಹಂಚಿಹೋಗುತ್ತದೆ, ಒದ್ದೆಯಲ್ಲಿ ಒಂದಕ್ಕೂ ಸಾಲದು.

ಕಾಡಿನ ಇಳಿಜಾರಿನಲ್ಲಿ ಇನ್ನೊಂದು ತೊಂದರೆ ಕಣ್ಣಿನದು. ಬಿಸಿಲಿನಿಂದ ನೆರಳಿಗೆ ನುಗ್ಗಿದ ಕ್ಷಣ ರಸ್ತೆ ಪೂರ್ತಿ ಕಪ್ಪು. ಸ್ಪ್ರೂಸ್ ಎಲೆಯ ರಾಶಿ, ತಿರುವಿನ ಒಳಬದಿಯ ಪಾಚಿ, ಮರದ ಲಾರಿಗಳು ಉದುರಿಸಿಹೋದ ತೊಗಟೆ ಮತ್ತು ಕೆಸರು, ಇವೆಲ್ಲ ಅಡಗಿರುವುದು ಆ ಕಪ್ಪಿನಲ್ಲೇ. ಕಡುಬಣ್ಣದ ಕನ್ನಡಕ ಹಾಕಬೇಡಿ, ತಿಳಿಯಾದ ಗಾಜೇ ಒಳ್ಳೆಯದು. ಮುಂದಿನ ದೀಪ ಹಗಲಲ್ಲೂ ಉರಿಯುತ್ತಿರಲಿ, ಎದುರಿನವರಿಗೂ ನೆರಳಿನಲ್ಲಿ ನೀವು ಕಾಣಬೇಕಲ್ವಾ? ಟಯರ್ 28 ಮಿ.ಮೀ.ಗಿಂತ ಸಣ್ಣದು ಬೇಡ, ಗಾಳಿಯನ್ನೂ ಒಣ ರಸ್ತೆಗೆ ಹಾಕುವುದಕ್ಕಿಂತ ಸ್ವಲ್ಪ ಕಮ್ಮಿ ಇಡಿ.

ಕೆಳಗೆ ಸಿಗುವ ಕ್ರುತ್-ವಿಲ್ಡೆನ್‌ಸ್ಟೈನ್ ಸರೋವರ ಅಣೆಕಟ್ಟಿನದು. ಅದನ್ನು ದಾಟಿ ಹೇರ್‌ಪಿನ್ ತಿರುವುಗಳಲ್ಲಿ 956 ಮೀಟರ್‌ನ ಬ್ರಾಮೋಂ ಕಣಿವೆದಾರಿ ಏರಬೇಕು, ಲಾ ಬ್ರೆಸ್ ಊರಿಗೆ ಇಳಿಯಬೇಕು, ಮತ್ತೆ ಗ್ರೋಸ್ ಪಿಯೆರ್ ಕಣಿವೆದಾರಿ ಏರಿ ಜೆರಾರ್ಮೆಗೆ ವಾಪಸ್. ಈ ಕೊನೆಯ ಎರಡು ಏರುಗಳಲ್ಲಿ ಗೇರಿನ ಬೆಲೆ ತಿಳಿಯುತ್ತದೆ. ನನ್ನ ಅತಿ ಹಗುರ ಗೇರಿನಲ್ಲಿ ಪೆಡಲ್ ಬಳಿಯ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ಹಲ್ಲುಚಕ್ರಕ್ಕೂ 34 ಹಲ್ಲು. ಕುಳಿತಲ್ಲೇ ತುಳಿಯಬಹುದು, ಮಂಡಿ ನೋಯುವುದಿಲ್ಲ.

ಗೇರ್ ಅಂದಾಗಲೆಲ್ಲ ನನಗೆ ಹಳೆಯ ಕಾಲದ ಸೈಕಲ್ ರೇಸುಗಾರ ರೆನೆ ಪೊಟಿಯೇ ನೆನಪಾಗುತ್ತಾರೆ. 1905ರಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ಇಲ್ಲಿನ ಬಾಲೋನ್ ದಲ್ಸಾಸ್ ಬೆಟ್ಟ ಹತ್ತಿದಾಗ ಮೊದಲು ನೆತ್ತಿ ತಲುಪಿದ್ದು ಅವರು. ಮರುವರ್ಷ ಟೂರ್ ಅನ್ನೇ ಗೆದ್ದರು. ಟೂರ್‌ನಲ್ಲಿ ಡಿರೇಲರ್, ಅಂದರೆ ಓಡುತ್ತಿರುವಾಗಲೇ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನ, ಬಳಸಲು ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಅಂದರೆ ಹಾದಿಯ ನಡುವೆ ಕೈ ಬೆರಳಲ್ಲಿ ಗೇರ್ ಬದಲಿಸುವ ಸೌಕರ್ಯ ಅವರಿಗೆ ಇರಲಿಲ್ಲ. ಸೇಂಟ್ ಮೋರಿಸ್ ಊರಿನಿಂದ ಆ ಏರು ಸುಮಾರು 9 ಕಿ.ಮೀ., ಸರಾಸರಿ ಕಡಿದು ಶೇ. 7ರ ಹತ್ತಿರ, ಅಂದರೆ ನೂರು ಮೀಟರ್ ಹೋದರೆ ಏಳು ಮೀಟರ್ ಮೇಲಕ್ಕೆ. ಎಲ್ಲೂ ವಿಪರೀತ ಕಡಿದಿಲ್ಲ, ಆದರೆ ಬಿಡುವೂ ಕೊಡುವುದಿಲ್ಲ. ಮೇಲೆ ಅವರ ಸ್ಮಾರಕ ಇದೆ.

ಪಕ್ಕದಲ್ಲೇ ಇರುವ ಪ್ಲಾಂಶ್ ದೆ ಬೆಲ್ ಫಿಯ್ ಬೆಟ್ಟದ ಏರು ಈಗ ಹೆಚ್ಚು ಹೆಸರುವಾಸಿ. 2012ರಲ್ಲಿ ಕ್ರಿಸ್ ಫ್ರೂಮ್ ಅಲ್ಲಿ ಗೆದ್ದ ಮೇಲೆ ಟೂರ್ ಮತ್ತೆ ಮತ್ತೆ ಬಂದಿದೆ. 2020ರಲ್ಲಿ ತಾದೇಯ್ ಪೊಗಾಚಾರ್ ಹಳದಿ ಅಂಗಿ, ಅಂದರೆ ಟೂರ್‌ನಲ್ಲಿ ಮುಂದಿರುವ ಸವಾರ ತೊಡುವ ಅಂಗಿ, ಕಸಿದುಕೊಂಡದ್ದೂ ಅಲ್ಲೇ. 6 ಕಿ.ಮೀ.ಗೆ ಸರಾಸರಿ ಶೇ. 8.5, ಕೊನೆಯಲ್ಲಿ ಶೇ. 20. ಹತ್ತಿ ನೋಡಿ, ತಪ್ಪಿಲ್ಲ. ಆದರೆ ಒಂದೇ ದಿನ ಕೈಯಲ್ಲಿದ್ದರೆ ನಾನು ಬಾಲೋನ್ ದಲ್ಸಾಸ್‌ಗೇ ಹೋಗುತ್ತೇನೆ. ಪ್ಲಾಂಶ್‌ನಲ್ಲಿ ಹತ್ತಿದ ರಸ್ತೆಯಲ್ಲೇ ಇಳಿದು ಬರಬೇಕು. ಬಾಲೋನ್‌ನಲ್ಲಿ ಒಂದು ಕಡೆ ಹತ್ತಿ ಇನ್ನೊಂದು ಕಡೆ ಬೆಲ್ಫೋರ್ ಪಟ್ಟಣದತ್ತ ಉದ್ದಕ್ಕೆ ಇಳಿಯಬಹುದು.