ಕೆಚ್ಚಲಿಗಿಂತ ಬಾಲದ ಬುಡವನ್ನೇ ನಾನು ಜಾಸ್ತಿ ನಂಬುತ್ತೇನೆ

ಹಸು ಕರು ಹಾಕುವುದಕ್ಕೆ ಸುಮಾರು 280 ದಿನ ಅಂತ ಲೆಕ್ಕ. ಹೋರಿ ಹಾರಿಸಿದ ಅಥವಾ ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿದ ದಿನ ನಾನು ಬರೆದಿಡುತ್ತೇನೆ, ಆದರೆ ಒಂದು ವಾರ ಹಿಂದೆ ಮುಂದೆ ಆಗುವುದು ಮಾಮೂಲಿ. ಯಾವತ್ತು ಈಯುತ್ತದೆ ಅಂತ ತಿಳಿಯಲು ಕೊನೆಗೆ ಹಸುವನ್ನೇ ನೋಡಬೇಕು.

ಎಲ್ಲರೂ ಮೊದಲು ನೋಡುವುದು ಕೆಚ್ಚಲು. ಅದೊಂದನ್ನೇ ನಂಬಿ ಕೂತರೆ ಸುಮ್ನೆ ನಿದ್ದೆ ಹಾಳು. ಚೊಚ್ಚಲು ಕಡಸಿಗೆ ವಾರಗಟ್ಟಲೆ ಮೊದಲೇ ಕೆಚ್ಚಲು ತುಂಬಿಕೊಳ್ಳುತ್ತದೆ, ನಾಲ್ಕಾರು ಕರು ಹಾಕಿದ ಹಸುವಿಗೆ ಕೆಲವೊಮ್ಮೆ ಕೊನೆಯ ಒಂದೆರಡು ದಿನದಲ್ಲಷ್ಟೇ ತುಂಬುತ್ತದೆ.

ನಾನು ಕೈ ಇಡುವುದು ಬಾಲದ ಬುಡಕ್ಕೆ. ಬಾಲದ ಎರಡೂ ಪಕ್ಕ ಒತ್ತಿದರೆ ಬಿಗಿದು ಕಟ್ಟಿದ ಹಗ್ಗದ ಹಾಗೆ, ಮೂಳೆಗಳನ್ನು ಹಿಡಿದಿಡುವ ನಾರು ಸಿಗುತ್ತದೆ. ದಿನ ಹತ್ತಿರ ಬಂದಂತೆ ಅದು ಮೆತ್ತಗಾಗಿ, ಕೊನೆಗೆ ಬೆರಳಿಗೇ ಸಿಗದೆ ಎರಡೂ ಕಡೆ ಹಳ್ಳ ಬೀಳುತ್ತದೆ. ಅಷ್ಟಾದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಕರು. ದಿನಾ ಮೇವು ಹಾಕುವಾಗ ಮುಟ್ಟಿ ನೋಡುವ ಅಭ್ಯಾಸ ಇದ್ದರೆ ಮಾತ್ರ ವ್ಯತ್ಯಾಸ ಗೊತ್ತಾಗುವುದು, ಒಂದೇ ಸಲ ಮುಟ್ಟಿದವರಿಗೆ ಏನೂ ತಿಳಿಯಲ್ಲ. ಥರ್ಮಾಮೀಟರ್ ಇದ್ದರೆ ದಿನಾ ಅದೇ ಹೊತ್ತಿಗೆ ಜ್ವರ ನೋಡಿ. ಹಿಂದಿನ ದಿನಗಳಿಗಿಂತ ಅರ್ಧ ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಇಳಿದಿದ್ದರೆ ಅದೂ ಅದೇ ಸುದ್ದಿ.

ಇನ್ನು ಹಸುವಿನ ನಡವಳಿಕೆ. ಹಿಂಡು ಬಿಟ್ಟು ಮೂಲೆ ಹಿಡಿಯುತ್ತದೆ, ಮೇವಿಗೆ ಬಾಯಿ ಹಾಕಿ ಬಿಡುತ್ತದೆ, ಬಾಲ ಎತ್ತಿಕೊಂಡೇ ನಿಲ್ಲುತ್ತದೆ, ಮಲಗಿ ಎದ್ದು ತಿರುಗಿ ತನ್ನ ಹೊಟ್ಟೆಯನ್ನೇ ನೋಡುತ್ತದೆ. ಹಿಂದುಗಡೆ ಲೋಳೆ ಇಳಿಬಿದ್ದಿದ್ದರೆ ಮಾತ್ರ ಅವಸರ ಬೇಡ, ಅದು ದಿನಗಳ ಮುಂಚೆಯೂ ಕಾಣುತ್ತದೆ. ಈ ಹೊತ್ತಲ್ಲಿ ಪದೇ ಪದೇ ಹತ್ತಿರ ಹೋಗಿ ಬೆಳಕು ಬಿಟ್ಟರೆ ಹಸು ಬೆದರಿ ತಡ ಮಾಡುತ್ತದೆ. ದೂರದಿಂದ ನೋಡಿದರೆ ಸಾಕು.

ಇನ್ನೊಂದು ಉಪಾಯ: ಕೊನೆಯ ವಾರಗಳಲ್ಲಿ ಮೇವನ್ನು ಸಂಜೆ ಕತ್ತಲಾದ ಮೇಲೆ ಹಾಕಿದರೆ ಹಗಲು ಹೊತ್ತಲ್ಲಿ ಈಯುವುದು ಜಾಸ್ತಿ. ಎಲ್ಲ ಹಸುವೂ ಕೇಳಲ್ಲ, ಆದರೆ ಖರ್ಚಿಲ್ಲದ ಕೆಲಸ ಅಲ್ವಾ.

ನೀರಿನ ಚೀಲ ಕಂಡ ಮೇಲೆ ಗಡಿಯಾರ ನೋಡಿ. ಎರಡು ಮುಂಗಾಲು, ಗೊರಸಿನ ಅಡಿ ಕೆಳಮುಖ, ಮೇಲೆ ಮೂತಿ ಬಂದರೆ ಸರಿ. ಗೊರಸಿನ ಅಡಿ ಮೇಲ್ಮುಖವಾಗಿದ್ದರೆ ಹೆಚ್ಚಾಗಿ ಅದು ಹಿಂಗಾಲು. ಒಂದೇ ಕಾಲು ಅಥವಾ ಬರೀ ಬಾಲ ಕಂಡರೆ, ಇಲ್ಲವೇ ಹಸು ತಿಣುಕಿದರೂ ಒಂದು ಗಂಟೆ ಏನೂ ಮುಂದುವರಿಯದಿದ್ದರೆ, ಎಳೆಯಲು ಹೋಗದೆ ಪಶುವೈದ್ಯರಿಗೆ ಫೋನ್ ಮಾಡಿ.